ಹಿಂದಕ್ಕೆ ಮುಖ ಮಾಡಿ 272 ಕಿಲೋಮೀಟರ್

ಜೋಡಿ ಹುಟ್ಟು ಎಳೆಯುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕುಳಿತುಕೊಳ್ಳಬೇಕು. ಇದು ನನಗೆ ಗೊತ್ತಾದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಕಡವಿನವರ ಮಗಳಾಗಿ ಹೀಗೆ ಹೇಳಲು ನಾಚಿಕೆಯಾಗಬೇಕು. ಆದರೆ ಅಪ್ಪ ಸ್ವರ್ಣಾ ನದಿಯಲ್ಲಿ ಜನ ದಾಟಿಸುತ್ತಿದ್ದುದು ಬಿದಿರಿನ ಗಳ ಊರಿ, ಆಳ ಬಂದಲ್ಲಿ ಒಂಟಿ ಹುಟ್ಟು ಹಾಕಿ. ಎರಡಕ್ಕೂ ಮುಖ ಎದುರಿನ ದಡಕ್ಕೇ ಇರುತ್ತಿತ್ತು. ಈಗ ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲೆಂದು ನಾವು ತಂದಿರುವ ಫೈಬರ್ ದೋಣಿಯಲ್ಲಿ ಹುಟ್ಟುಗಳನ್ನು ಅಂಚಿಗೆ ಹಗ್ಗದ ಕುಣಿಕೆ ಹಾಕಿ ಕಟ್ಟಿದ್ದೇವೆ. ಎರಡು ಹಲಗೆ, ಇಬ್ಬರು ಎಳೆಯುವವರು. ಹಿಂಬದಿಯ ಹಲಗೆಯಲ್ಲಿ ಲೈಫ್ ಜಾಕೆಟ್ ತೊಟ್ಟು ಅಪ್ಪ. ನನಗೆ ಕಾಣುವುದು ಅವರು ಮತ್ತು ನಾವು ದಾಟಿ ಬಂದ ನೀರು. ಮುಂದಿನ ದಾರಿ ಕಾಣುವುದು ಅವರಿಗೆ ಮಾತ್ರ.

ಅಪ್ಪನ ಮುಖವನ್ನು ನಾನು ಇಷ್ಟು ಹೊತ್ತು ನೋಡಿದ್ದು ಈ ನಾಲ್ಕು ತಿಂಗಳಲ್ಲೇ. ಪಾರ್ಕಿನ್ಸನ್ ಕಾಯಿಲೆ ಮುಖದ ಸ್ನಾಯುಗಳನ್ನೂ ಹಿಡಿದು ಹಾಕುತ್ತದೆ. ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಒಳಗೆ ಹುಟ್ಟಿದ ನಗು ತುಟಿಯವರೆಗೆ ಬರುವುದಿಲ್ಲ. ಮದುವೆಯ ಕರೆಯೋಲೆ ಕೊಡಲು ಬಂದ ನೆಂಟರೊಬ್ಬರು ‘ಅವರಿಗೆ ನಮ್ಮ ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ’ ಎಂದು ಮುಖ ಊದಿಸಿಕೊಂಡು ಹೋದರು. ಸಿಟ್ಟೂ ಇಲ್ಲ, ಮಣ್ಣೂ ಇಲ್ಲ. ಗಂಟೆಗಟ್ಟಲೆ ಎದುರು ಕುಳಿತು ನೋಡಿದ ಮೇಲೆ ನನಗೆ ಒಂದು ಗುರುತು ಸಿಕ್ಕಿದೆ. ಖುಷಿಯಾದಾಗ ಎಡಗಣ್ಣಿನ ಕೆಳಗೆ ಒಂದು ಸಣ್ಣ ಗೆರೆ ಮೂಡುತ್ತದೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ತಿರುವಿನಲ್ಲಿ ಗರುಡ ಕೆಳಗೆರಗಿ ಮೀನು ಎತ್ತಿದಾಗ ಅದು ಮೂಡಿತ್ತು. ನನ್ನ ಮಗ ಹುಟ್ಟು ತಪ್ಪಿಸಿ ಹಿಂದಕ್ಕೆ ಮಲಗಿದಾಗ ಇನ್ನೂ ಸ್ಪಷ್ಟವಾಗಿ ಮೂಡಿತ್ತು.

ಅವರ ಸ್ವರವೂ ತಗ್ಗಿದೆ. ನೀರಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಮೊದಲನೆಯ ದಿನ ‘ಬಲಕ್ಕೆ’ ಎಂದು ಅವರು ಮೂರು ಸಲ ಹೇಳಿದ್ದರಂತೆ, ನಾವು ನೇರವಾಗಿ ಹೋಗಿ ಮರಳಿನ ದಿಬ್ಬ ಹತ್ತಿಸಿದೆವು. ಮುಂದಿನ ವಾರ ಅಪ್ಪ ಮನೆಯಿಂದ ಒಂದು ಗೆರಟೆ ತಂದರು. ದೋಣಿಯ ಅಂಚಿಗೆ ಒಂದು ಪೆಟ್ಟು ಎಂದರೆ ಎಡಕ್ಕೆ, ಎರಡು ಎಂದರೆ ಬಲಕ್ಕೆ, ಬಿಡದೆ ಬಡಿದರೆ ನಿಲ್ಲಿಸಿ. ದಾರಿ ನೇರವಿದ್ದಾಗ ಸುಮ್ಮನಿರಲಾಗದೆ ನಮ್ಮ ಹುಟ್ಟಿನ ಲಯಕ್ಕೆ ಮೆಲ್ಲನೆ ಕುಟ್ಟುತ್ತಲೇ ಇರುತ್ತಾರೆ. ಈ ಕಾಯಿಲೆಯವರಿಗೆ ಹೊರಗಿನ ತಾಳ ಸಿಕ್ಕರೆ ನಡಿಗೆ ಸುಲಭವಾಗುತ್ತದೆ ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ಈಗ ಬಚ್ಚಲಿನ ಹೊಸಿಲಲ್ಲಿ ಕಾಲು ಅಂಟಿಕೊಂಡು ನಿಂತುಬಿಟ್ಟಾಗ ಅಮ್ಮ ಅದೇ ಗೆರಟೆಯನ್ನು ಗೋಡೆಗೆ ಕುಟ್ಟುತ್ತಾಳೆ. ಕಾಲು ಏಳುತ್ತದೆ, ಹೆಚ್ಚಿನ ಸಲ.

ಈ ಕೆಲಸ ಶುರುವಾದದ್ದು ಮಗನ ಮೊಬೈಲಿನಿಂದ. ಪಾರ್ಕಿನ್ಸನ್ ಸಂಶೋಧನೆಗೆ ಹಣ ಕೂಡಿಸಲು ಸಾಗರವನ್ನೇ ಹುಟ್ಟು ಹಾಕಿ ದಾಟುವವರಿದ್ದಾರೆ ಎಂದು ತೋರಿಸಿದ. ಅಟ್ಲಾಂಟಿಕಿನಲ್ಲಿ ಪ್ರತಿವರ್ಷ ಒಂದು ಸ್ಪರ್ಧೆ ನಡೆಯುತ್ತದೆ. ಕ್ಯಾನರಿ ದ್ವೀಪಗಳ ಲಾ ಗೊಮೆರಾದಿಂದ ಹೊರಟು ಆಂಟಿಗುವಾದವರೆಗೆ ಸುಮಾರು 4,800 ಕಿಲೋಮೀಟರ್. ಎರಡು ಗಂಟೆ ಹುಟ್ಟು, ಎರಡು ಗಂಟೆ ನಿದ್ದೆ, ಹಗಲು ರಾತ್ರಿ ಹೀಗೇ ವಾರಗಟ್ಟಲೆ. ಹೆಚ್ಚಿನ ತಂಡಗಳು ಯಾವುದಾದರೂ ಒಂದು ಉದ್ದೇಶಕ್ಕೆ ಹಣ ಎತ್ತುತ್ತವೆ.

ಹಳೆಯ ಕಥೆಯನ್ನೂ ಅವನೇ ಹುಡುಕಿದ. ಆ ಸಾಗರವನ್ನು ಹೀಗೆ ಮೊದಲು ದಾಟಿದವರು ಜಾರ್ಜ್ ಹಾರ್ಬೊ ಮತ್ತು ಫ್ರಾಂಕ್ ಸ್ಯಾಮುಯೆಲ್‌ಸನ್, 1896ರಲ್ಲಿ. ನ್ಯೂಯಾರ್ಕಿನಿಂದ ಹೊರಟು 55 ದಿನಕ್ಕೆ ಸೇಂಟ್ ಮೇರೀಸ್ ದ್ವೀಪ ಮುಟ್ಟಿದರು. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ಅಲ್ಲ, ಇಂಗ್ಲೆಂಡಿನ ಸಿಲಿ ದ್ವೀಪಗಳದ್ದು. ಅವರ ದೋಣಿಯ ಉದ್ದ 18 ಅಡಿ, ಹೆಸರು ‘ಫಾಕ್ಸ್’. ನೂರು ವರ್ಷ ಕಳೆದ ಮೇಲೆ, ತನಗೆ ಈ ಕಾಯಿಲೆ ಇದೆ ಎಂದು 1998ರಲ್ಲಿ ಬಹಿರಂಗವಾಗಿ ಹೇಳಿ, 2000ದಲ್ಲಿ ಪಾರ್ಕಿನ್ಸನ್ ಸಂಶೋಧನೆಗೆ ದೊಡ್ಡ ಪ್ರತಿಷ್ಠಾನ ಕಟ್ಟಿದ ನಟ ಮೈಕೆಲ್ ಜೆ. ಫಾಕ್ಸ್. ಎರಡಕ್ಕೂ ಸಂಬಂಧವೇನೂ ಇಲ್ಲ, ನನಗೆ ಇಂಥ ಕಾಕತಾಳೀಯಗಳ ಚಟ. ಹಾರ್ಬೊ, ಸ್ಯಾಮುಯೆಲ್‌ಸನ್ ಇಬ್ಬರೂ ನಾರ್ವೆಯಿಂದ ವಲಸೆ ಹೋಗಿ ನ್ಯೂಜೆರ್ಸಿಯ ದಡದಲ್ಲಿ ಚಿಪ್ಪು ಹೆಕ್ಕುತ್ತಿದ್ದವರು. ಇದನ್ನು ಓದಿ ಹೇಳಿದಾಗ ಅಪ್ಪ, ‘ಮರುವಾಯಿ ಹೆಕ್ಕುವವರಾದರೆ ಸರಿ, ಅವರಿಗೆ ನೀರು ಗೊತ್ತಿರುತ್ತದೆ’ ಎಂದರು.

ನಾವೂ ಕಡಲಿಗೇ ಹೋಗುವ ಮಾತಾಡಿದ್ದೆವು. ಮಂಗಳೂರಿನಿಂದ ಮಲ್ಪೆಗೆ ದಡ ಹಿಡಿದು ಹೋಗುವ ನಕ್ಷೆಯೂ ತಯಾರಾಗಿತ್ತು. ದೋಣಿ ಕೊಟ್ಟ ಮೊಗವೀರ ಅಣ್ಣ ಅದನ್ನು ನೋಡಿ ಮಡಚಿ ಮಗನ ಜೇಬಿಗೆ ಹಾಕಿದರು. ‘ಇಂಜಿನ್ ಇಲ್ಲದೆ ಅಳಿವೆ ದಾಟುವ ಮಾತು ನನ್ನ ದೋಣಿಯಲ್ಲಿ ಬೇಡ.’ ಮೂವತ್ತು ವರ್ಷ ಅಳಿವೆ ದಾಟಿದವರ ಮಾತು. ಮರುಮಾತಿರಲಿಲ್ಲ. ಹಾಗಾಗಿ ಹೊಳೆಯಲ್ಲೇ ಕಡಲಿನಷ್ಟು ದೂರ ಎಳೆಯುವುದೆಂದು ನಿರ್ಧಾರವಾಯಿತು. ಕರ್ನಾಟಕದ ಕರಾವಳಿಯ ಉದ್ದ ಸುಮಾರು 320 ಕಿಲೋಮೀಟರ್. ನಮ್ಮ ಹಳೆಯ ಕಡವಿನಿಂದ ಕೆಮ್ಮಣ್ಣು ತೂಗುಸೇತುವೆಯ ಅಡಿಯಿಂದ ಹಾದು ಕೋಡಿಬೆಂಗ್ರೆಗೆ ಹೋಗಿ ಬಂದರೆ 16. ಇಪ್ಪತ್ತು ಭಾನುವಾರ. ಕಿಲೋಮೀಟರಿಗೆ ಒಂದು ಸಾವಿರ ರೂಪಾಯಿ. ಸಹಕಾರಿ ಸಂಘದಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವಳಿಗೆ ಭಾಗಾಕಾರ ಶೇಷವಿಲ್ಲದೆ ಮುಗಿದರೆ ಅದೇ ಶುಭಶಕುನ.

ಎಳೆಯುವವರು ನಾಲ್ವರು. ನಾನು, ಮಗ, ದೋಣಿಯ ಅಣ್ಣ, ಮತ್ತೆ ನಿವೃತ್ತ ಡ್ರಿಲ್ ಮಾಸ್ತರರು. ಮಾಸ್ತರರು ಈಗಲೂ ಸೀಟಿ ಊದಿಯೇ ಸರದಿ ಬದಲಿಸುತ್ತಾರೆ.

ಅಪ್ಪನಿಗೆ ಕಾಯಿಲೆ ಎಂದು ಗೊತ್ತಾಗಿ ಒಂಬತ್ತು ವರ್ಷ. ಅದು ಬಂದದ್ದು ಯಾವಾಗ ಎಂದು ಕೇಳಿದರೆ ಉತ್ತರ ಬೇರೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಅವರ ಮೂಗು ಹೋಗಿತ್ತು. ಒಲೆಯಲ್ಲಿ ಒಣಮೀನು ಸುಟ್ಟರೂ ‘ಇವತ್ತು ಏನು ಪದಾರ್ಥ?’ ಎಂದು ಕೇಳುತ್ತಿದ್ದರು. ರಾತ್ರಿ ನಿದ್ದೆಯಲ್ಲಿ ಕೈಕಾಲು ಬೀಸುತ್ತಿದ್ದರು. ‘ಕಡವು ನಿಂತರೂ ಇವರದ್ದು ನಿಂತಿಲ್ಲ’ ಎಂದು ಅಮ್ಮ ಚಾಪೆ ಎಳೆದುಕೊಂಡು ದೂರ ಮಲಗುತ್ತಿದ್ದಳು. ಎರಡೂ ಈ ಕಾಯಿಲೆಯ ಮುನ್ಸೂಚನೆಗಳಾಗಿರಬಹುದೆಂದು ಆಗ ನಮಗೆ ಯಾರು ಹೇಳಬೇಕು? ಸೇತುವೆ ಬಂದ ಮೇಲೆ ಅವರು ಎರಡು ದನ ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದರು. ಆ ಹಾಲಿನ ಲೆಕ್ಕದ ಪುಸ್ತಕ ನನ್ನಲ್ಲಿದೆ. ಪುಟ ತಿರುವಿದ ಹಾಗೆ ಅಕ್ಷರ ಸಣ್ಣದಾಗುತ್ತಾ ಹೋಗಿ ಕೊನೆಯಲ್ಲಿ ಇರುವೆ ಸಾಲು. ತಿಂಗಳಿಗೊಮ್ಮೆ ಅದನ್ನು ಕೂಡಿಸಿ ಕೊಡುತ್ತಿದ್ದವಳು ನಾನೇ. ಕನ್ನಡಕದ ನಂಬರ್ ಬದಲಿಸಬೇಕು ಎಂದುಕೊಂಡೆ, ನನ್ನದು.

ಬಲಭುಜ ಬಿಗಿಯಿತು. ಪೇಟೆಯ ಒಬ್ಬ ವೈದ್ಯರು ಭುಜ ಹಿಡಿದಿದೆ ಎಂದರು. ಒಂದೂವರೆ ವರ್ಷ ಎಣ್ಣೆ ತಿಕ್ಕಿದೆವು. ಕೊನೆಗೆ ನರರೋಗ ತಜ್ಞರು ಅವರನ್ನು ಎದ್ದು ನಾಲ್ಕು ಹೆಜ್ಜೆ ನಡೆಯಲು ಹೇಳಿ, ಬಲಗೈ ಬೀಸದೆ ಜೋತು ಬಿದ್ದಿರುವುದನ್ನು ನೋಡಿಯೇ ಹೇಳಿಬಿಟ್ಟರು.

ಈಗ ನಮ್ಮ ಮನೆಯಲ್ಲಿ ‘ಇಳಿತ’ ಎಂಬ ಮಾತಿಗೆ ಎರಡು ಅರ್ಥ. ಲೆವೊಡೋಪಾ ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ಅಪ್ಪನ ಮೈ ಸಡಿಲವಾಗುತ್ತದೆ. ಮೂರು ಗಂಟೆ ಕಳೆದರೆ ಮತ್ತೆ ಬಿಗಿಯುತ್ತದೆ. ‘ನನ್ನದು ಇಳಿತ ಶುರುವಾಯಿತು’ ಎನ್ನುತ್ತಾರೆ. ಹೊಳೆಯ ಇಳಿತವಾದರೋ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಜಾರುತ್ತದೆ. ವಾರಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಒಂದು ಭಾನುವಾರ ಬೆಳಿಗ್ಗೆ ನೀರೇ ನಮ್ಮನ್ನು ಕೋಡಿಬೆಂಗ್ರೆಗೆ ಒಯ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಉಬ್ಬರ ಎದುರು ನಿಂತಿರುತ್ತದೆ. ಹೋಗಿ ಬರಲು ನಾಲ್ಕು ಗಂಟೆ ಬೇಕು, ಮಾತ್ರೆಗೆ ಮೂರು ಗಂಟೆಯ ಆಯುಷ್ಯ. ಈ ಎರಡು ಗಡಿಯಾರಗಳನ್ನು ಹೊಂದಿಸುವುದಕ್ಕಿಂತ ಸಂಘದ ವರ್ಷಾಂತ್ಯದ ತಾಳೆಪಟ್ಟಿ ಹೊಂದಿಸುವುದು ಸುಲಭ.

ಇದರ ಜೊತೆಗೆ ಮೀನಿನ ತಕರಾರು. ಪ್ರೋಟೀನು ಮತ್ತು ಲೆವೊಡೋಪಾ ಎರಡೂ ಕರುಳಿನಿಂದ ರಕ್ತಕ್ಕೆ ಹೋಗುವುದು ಒಂದೇ ಬಾಗಿಲಿನಿಂದ. ಮೀನು ಮೊದಲು ನುಗ್ಗಿದರೆ ಮಾತ್ರೆ ಹೊರಗೆ ಸರದಿಯಲ್ಲಿ ನಿಲ್ಲಬೇಕು. ಹಾಗಾಗಿ ಬೆಳಿಗ್ಗೆ ಗಂಜಿ ತಿಳಿ, ಕೋಡಿಬೆಂಗ್ರೆಯಲ್ಲಿ ಎರಡನೆಯ ಮಾತ್ರೆಗೆ ಬರೀ ಕಪ್ಪು ಚಹಾ. ಮರುವಾಯಿ ಪುಂಡಿ ಏನಿದ್ದರೂ ರಾತ್ರಿಗೆ. ದಡದಲ್ಲಿ ಯಾರೋ ಬಂಗುಡೆ ಹುರಿಯುತ್ತಿರುವಾಗ ಕಪ್ಪು ಚಹಾ ಕುಡಿಯುವ ಅಪ್ಪನಿಗೆ ಒಂದು ಅನುಕೂಲವಿದೆ. ಅವರಿಗೆ ವಾಸನೆ ಬರುವುದಿಲ್ಲ. ಕಷ್ಟ ನಮಗೆ.

ಹಣ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ. ‘ಇದರಿಂದ ನಿಮ್ಮ ಅಪ್ಪನಿಗೆ ಗುಣವಾಗುತ್ತದೆಯೇ?’ ಇಲ್ಲ ಎಂದರೆ ಕೊಡುವ ಕೈ ಅರ್ಧ ಹಿಂದೆ ಹೋಗುತ್ತದೆ. ಅಪ್ಪನ ಮಾತ್ರೆಗೆಂದು ಕೇಳಿದ್ದರೆ ಇಡೀ ಊರು ಕೊಡುತ್ತಿತ್ತು. ಸಂಶೋಧನೆ ಎಂದರೆ ಯಾರದೋ ಮನೆಯ ಶ್ರಾದ್ಧ. ಆಗ ನಾನು ಮೊಲದ ಕಥೆ ಹೇಳುತ್ತೇನೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೀ ಆರು ಜನರನ್ನು ನೋಡಿ ಈ ಕಾಯಿಲೆಯ ಬಗ್ಗೆ ಬರೆದ, ಅವರಲ್ಲಿ ಕೆಲವರನ್ನು ಕಂಡದ್ದು ಬೀದಿಯಲ್ಲಿ. 1957ರ ಹೊತ್ತಿಗೆ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟು ನೋಡಿದರು. ರೆಸರ್ಪಿನ್ ಅಂದರೆ ನಮ್ಮ ಸರ್ಪಗಂಧದ ಬೇರಿನಿಂದ ತೆಗೆದದ್ದು. ಮೊಲಗಳು ಮಿಸುಕದೆ ಬಿದ್ದುವು. ಲೆವೊಡೋಪಾ ಚುಚ್ಚಿದರು, ಎದ್ದು ಓಡಾಡಿದುವು. ಲೆವೊಡೋಪಾ ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುತ್ತದೆ. ಆ ಡೋಪಮಿನ್ ಏನು ಮಾಡುತ್ತದೆ ಎಂದು ತಿಳಿದದ್ದು ಹೀಗೆ. 1961ರಲ್ಲಿ ವಿಯೆನ್ನಾದ ವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟರು. 2000ದಲ್ಲಿ ಕಾರ್ಲ್‌ಸನ್‌ರಿಗೆ ನೊಬೆಲ್ ಬಂತು. ಪಾರ್ಕಿನ್ಸನ್ ಬರೆದದ್ದರಿಂದ ರೋಗಿಗೆ ಮದ್ದು ಮುಟ್ಟುವವರೆಗೆ 144 ವರ್ಷ. ಆ ಮೊಲಗಳ ಖರ್ಚು ಯಾರೋ ಕೊಟ್ಟಿದ್ದಾರಲ್ಲ, ಅವರ ಅಪ್ಪನಿಗೆ ಅದರಿಂದ ಏನೂ ಆಗಿರಲಿಕ್ಕಿಲ್ಲ. ನನ್ನ ಅಪ್ಪ ಇವತ್ತು ತಾನೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾರೆ.

ಆದರೂ ಆ ಮದ್ದು ಸಾಯುವ ನರಕೋಶಗಳನ್ನು ಉಳಿಸುವುದಿಲ್ಲ. ಡೋಪಮಿನ್ ಕೊರತೆಯನ್ನು ಮೂರು ಗಂಟೆಗೆ ತುಂಬುತ್ತದೆ ಅಷ್ಟೇ. ಕಾಯಿಲೆಯ ಓಟವನ್ನೇ ನಿಲ್ಲಿಸುವ ಔಷಧಿ ಇನ್ನೂ ಇಲ್ಲ.

ಸೋದರಮಾವ ಒಬ್ಬರು ನಸುಗುನ್ನಿ ಬೀಜದ ಪುಡಿ ತಂದುಕೊಟ್ಟು ‘ಇದರ ಮುಂದೆ ನಿಮ್ಮ ಮಾತ್ರೆ ಏನು?’ ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ ಎಂಬುದೇ ತೊಂದರೆ. ಮುಟ್ಟಿದರೆ ಮೈ ತುರಿಸುವ ಆ ಬಳ್ಳಿಯ ಬೀಜದಲ್ಲಿ ಲೆವೊಡೋಪಾ ಇದೆ. 1937ರಲ್ಲೇ ನಮ್ಮ ದೇಶದ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಆದರೆ ಒಂದು ಚಮಚದಲ್ಲಿ ಎಷ್ಟಿದೆ ಎಂದು ಪುಡಿ ಹೇಳುವುದಿಲ್ಲ, ಮಾತ್ರೆಯ ಮೇಲೆ ಅದು ಬಿದ್ದರೆ ಲೆಕ್ಕ ತಪ್ಪುತ್ತದೆ. ಡಬ್ಬಿಯನ್ನು ಮಾವನಿಗೆ ಕಾಣುವ ಹಾಗೆ ಕಪಾಟಿನಲ್ಲಿ ಇಟ್ಟಿದ್ದೇವೆ.

ಇನ್ನು ವಿಡಿಯೊದ ವಿಷಯ. ಇದನ್ನು ಬರೆಯಲೆಂದೇ ಇವತ್ತು ಕುಳಿತದ್ದು.

ಒಂಬತ್ತನೆಯ ಭಾನುವಾರ, ಜನವರಿಯಲ್ಲಿ, ತೂಗುಸೇತುವೆಯ ಹತ್ತಿರ ಅಪ್ಪ ಗೆರಟೆ ಕೆಳಗಿಟ್ಟು ‘ಇಲ್ಲಿ ಕೊಡು’ ಎಂದರು. ಮಾಸ್ತರರು ತಮ್ಮ ಜಾಗ ಬಿಟ್ಟುಕೊಟ್ಟರು. ತೊಡೆಯ ಮೇಲೆ ಕುಣಿಯುತ್ತಿದ್ದ ಬಲಗೈ ಹುಟ್ಟಿನ ಹಿಡಿಯನ್ನು ಹಿಡಿದ ಕ್ಷಣ ಸ್ತಬ್ಧ. ಮೂರು ನಿಮಿಷ ಎಳೆದರು, ನನಗಿಂತ ನೀಟಾಗಿ. ನಾನು ಅತ್ತೆ, ಸುಳ್ಳೇಕೆ ಹೇಳಬೇಕು. ಆದರೆ ನನಗೆ ಕಾರಣ ಗೊತ್ತಿತ್ತು. ಪಾರ್ಕಿನ್ಸನ್‌ನ ನಡುಕ ಕೈ ಸುಮ್ಮನಿದ್ದಾಗ ಬರುವಂಥದ್ದು, ಕೆಲಸಕ್ಕೆ ಹಚ್ಚಿದರೆ ತಗ್ಗುತ್ತದೆ. ಹುಟ್ಟು ಬಿಟ್ಟ ಮೇಲೆ ಮತ್ತೆ ಶುರು. ಸೇತುವೆಯ ಮೇಲೆ ನಿಂತಿದ್ದ ಯಾವನೋ ಹುಡುಗ ಮೊಬೈಲಿನಲ್ಲಿ ತೆಗೆದದ್ದು ಮೊದಲ ಭಾಗವನ್ನು ಮಾತ್ರ.

ಮಂಗಳವಾರದ ಹೊತ್ತಿಗೆ ಅದಕ್ಕೆ ವೀಣೆಯ ಸಂಗೀತ, ಕೆಂಪು ಅಕ್ಷರ ಎಲ್ಲ ಸೇರಿತ್ತು. ‘ಔಷಧಿಯಿಲ್ಲದೆ ಪಾರ್ಕಿನ್ಸನ್ ಗುಣ! ಉಡುಪಿಯ ಅಜ್ಜನ ಪವಾಡ!’ ಕೆಳಗೆ ನಾನು ಮತ್ತು ಮಾಸ್ತರರು ಹಣ ಸಂಗ್ರಹಕ್ಕೆಂದು ತೆರೆದ ಜಂಟಿ ಖಾತೆಯ ನಂಬರ್. ಒಂಬತ್ತು ವಾರ ಮನೆ ಮನೆ ತಿರುಗಿ ಕೂಡಿಸಿದ್ದು 61,000 ರೂಪಾಯಿ. ಎರಡೇ ದಿನದಲ್ಲಿ ಆ ವಿಡಿಯೊ ತಂದದ್ದು 58,200. ತೊಂಬತ್ತನಾಲ್ಕು ಜನರಿಂದ.

‘ಬಂದದ್ದು ಬಂತು, ಸಂಶೋಧನೆಗೇ ಹೋಗುತ್ತದಲ್ಲ’ ಎಂದರು ಮಾಸ್ತರರು. ಸಂಘದಲ್ಲಿ ಒಂದು ರೂಪಾಯಿ ತಪ್ಪು ತಲೆಬರಹಕ್ಕೆ ಜಮಾ ಆದರೂ ನಾನು ರಾತ್ರಿ ಎಂಟರವರೆಗೆ ಕುಳಿತು ಹುಡುಕಿದವಳು. ಇದು ಯಾವ ತಲೆಬರಹ? ವ್ಯಾಯಾಮದಿಂದ ಪ್ರಯೋಜನವಿಲ್ಲ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಜೇ ಆಲ್ಬರ್ಟ್ಸ್ ಎಂಬ ವಿಜ್ಞಾನಿ 2003ರಲ್ಲಿ ಪಾರ್ಕಿನ್ಸನ್ ಇರುವ ಗೆಳತಿಯನ್ನು ಜೋಡಿ ಸೈಕಲಿನಲ್ಲಿ ಕೂರಿಸಿಕೊಂಡು ಐಯೊವಾ ರಾಜ್ಯ ದಾಟಿದಾಗ ಆಕೆಯ ಕೈಬರಹ ಸುಧಾರಿಸಿತು, ಅಲ್ಲಿಂದ ಒಂದು ಸಂಶೋಧನೆಯ ದಾರಿಯೇ ತೆರೆಯಿತು. ಸುಧಾರಿಸುವುದು ಬೇರೆ, ಗುಣವಾಗುವುದು ಬೇರೆ. ಆ ಕೆಂಪು ಅಕ್ಷರ ನಂಬಿ ಯಾರಾದರೂ ಮಾತ್ರೆ ಬಿಟ್ಟರೆ? ಲೆವೊಡೋಪಾವನ್ನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಬರಬಹುದು.

ತೊಂಬತ್ತನಾಲ್ಕು ಜನರಲ್ಲಿ ಸಂಪರ್ಕಕ್ಕೆ ಸಿಕ್ಕವರಿಗೆಲ್ಲ ಬರೆದೆ. ಅಪ್ಪನಿಗೆ ಗುಣವಾಗಿಲ್ಲ, ಅವರು ದಿನಕ್ಕೆ ಐದು ಮಾತ್ರೆ ತೆಗೆದುಕೊಳ್ಳುತ್ತಾರೆ, ಹಣ ವಾಪಸು ಬೇಕಿದ್ದರೆ ತಿಳಿಸಿ. ಹನ್ನೊಂದು ಜನ ಕೇಳಿದರು. 7,400 ರೂಪಾಯಿ ಹಿಂತಿರುಗಿಸಿದೆ. ಒಬ್ಬರು ‘ಗುಣವಾಗದಿದ್ದರೆ ಮತ್ತೆ ದೋಣಿ ಯಾಕೆ?’ ಎಂದು ಬರೆದರು. ಇದಕ್ಕೆ ಉತ್ತರ ಬರೆದು ಬರೆದು ಅಳಿಸಿದ್ದೇನೆ. ಮಾಸ್ತರರು ಒಂದು ಭಾನುವಾರ ನನ್ನೊಡನೆ ಮಾತಾಡಲಿಲ್ಲ. ಒಂದೇ ದೋಣಿಯಲ್ಲಿ ಒಂದೇ ಲಯಕ್ಕೆ ಹುಟ್ಟು ಎಳೆಯುತ್ತಾ ಮಾತು ಬಿಡುವುದು ಬಹಳ ಕಷ್ಟದ ಕೆಲಸ. ಕೋಡಿಬೆಂಗ್ರೆ ಮುಟ್ಟುವ ಮೊದಲೇ ಸೀಟಿಯ ಮೂಲಕ ಸಂಧಾನವಾಯಿತು.

ವಿಡಿಯೊ ಮಾತ್ರ ಇನ್ನೂ ಸುತ್ತುತ್ತಿದೆ. ಕಳೆದ ಭಾನುವಾರ, ಹದಿನೇಳನೆಯ ಸಲ ಮುಗಿಸಿ ದಡಕ್ಕೆ ಬಂದಾಗ ಕಡವಿನ ಕಟ್ಟೆಯ ಮೇಲೆ ಗಂಡ ಹೆಂಡತಿ ಇಬ್ಬರು ಕುಳಿತಿದ್ದರು. ಕುಂದಾಪುರದ ಕಡೆಯವರು, ಎರಡು ಬಸ್ ಬದಲಿಸಿ ಬಂದಿದ್ದರು. ಹೆಂಡತಿಗೆ ಅರವತ್ತರ ಆಸುಪಾಸು, ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳುತ್ತಲೇ ಇತ್ತು. ಗಂಡ ಮೊಬೈಲ್ ತೆಗೆದು ನನಗೆ ಆ ವಿಡಿಯೊ ತೋರಿಸಿದರು, ನನಗೇ. ‘ಇವಳನ್ನೂ ಒಮ್ಮೆ ಕುಳ್ಳಿರಿಸಬೇಕು’ ಎಂದರು.

ನಾನು ಎಲ್ಲ ಹೇಳಿದೆ. ನಡುಕ ಯಾಕೆ ನಿಲ್ಲುತ್ತದೆ, ಯಾಕೆ ಮತ್ತೆ ಬರುತ್ತದೆ, ಮಾತ್ರೆ ಬಿಡಬಾರದು. ಅವರು ತಲೆ ಅಲ್ಲಾಡಿಸಿ ಕೇಳಿದರು, ಆದರೆ ಕಣ್ಣು ದೋಣಿಯ ಮೇಲೆಯೇ ಇತ್ತು. ಅಪ್ಪನಿಗೆ ಅಷ್ಟು ಹೊತ್ತಿಗೆ ಇಳಿತ ಶುರುವಾಗಿತ್ತು. ಆದರೂ ನನ್ನ ಮೊಣಕೈ ಮುಟ್ಟಿ, ‘ಅಷ್ಟು ದೂರದಿಂದ ಬಂದಿದ್ದಾರೆ. ಕಡವಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ?’ ಎಂದರು.

ಗಂಡ ದಡದಲ್ಲಿ ನಿಂತರು. ಆಕೆಗೆ ಜಾಕೆಟ್ ತೊಡಿಸಿ, ಪಕ್ಕದಲ್ಲಿ ಮಗನನ್ನು ಕೂರಿಸಿ, ಕಾಂಡ್ಲಾದ ತಿರುವಿನವರೆಗೆ ಹೋದೆವು. ಹುಟ್ಟಿನ ಹಿಡಿಯನ್ನು ಅವರ ಕೈಗೆ ಕೊಟ್ಟೆ. ನಿರೀಕ್ಷೆಯಂತೆಯೇ ಬೆರಳುಗಳು ನಿಂತುವು. ಪುನಃ ಎಚ್ಚರಿಸಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ನಕ್ಕರು.

‘ಗೊತ್ತು, ತಂಗಿ. ಮೂವತ್ತು ವರ್ಷ ಬೀಡಿ ಕಟ್ಟಿದ್ದೇನೆ. ಎಲೆ ಕೈಯಲ್ಲಿರುವಾಗ ನಡುಗುವುದಿಲ್ಲ, ಮೊರ ಕೆಳಗಿಟ್ಟರೆ ನಡುಗುತ್ತದೆ. ಇವರಿಗೆ ಎಷ್ಟು ಸಲ ಹೇಳಿದೆ, ಕೇಳಬೇಕಲ್ಲ.’

‘ಹಾಗಾದರೆ ಯಾಕೆ ಬಂದಿರಿ?’

‘ಮದುವೆಯಾದ ಮೇಲೆ ದೋಣಿ ಹತ್ತಿರಲಿಲ್ಲ.’

ಇಳಿಯುವಾಗ ಸೆರಗಿನ ಗಂಟಿನಿಂದ ಐವತ್ತು ರೂಪಾಯಿ ತೆಗೆದು ಕೊಟ್ಟರು. ದೋಣಿಯ ಬಾಡಿಗೆಯೋ ಸಂಶೋಧನೆಯ ವಂತಿಗೆಯೋ ಎಂದು ಕೇಳಿದೆ, ರಸೀದಿಯಲ್ಲಿ ಬರೆಯಬೇಕಲ್ಲ. ‘ಯಾವುದಾದರೂ ಬರೆದುಕೊಳ್ಳಿ’ ಎಂದರು. ತಿರುವಿನವರೆಗೆ ಹೋಗಿ ಬಂದದ್ದನ್ನು ಕಿಲೋಮೀಟರಿನ ಲೆಕ್ಕಕ್ಕೆ ಸೇರಿಸಿಲ್ಲ.

ಇವತ್ತಿಗೆ 272 ಕಿಲೋಮೀಟರ್, 1,46,350 ರೂಪಾಯಿ. ಕಿಲೋಮೀಟರಿಗೆ ಸಾವಿರದ ಲೆಕ್ಕದಲ್ಲಿ 1,25,650 ಕಡಿಮೆ. ಹಣ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಹೋಗುತ್ತದೆ, ರಸೀದಿ ನೋಡಬೇಕೆನ್ನುವವರು ಸಂಜೆ ಐದರ ನಂತರ ಮನೆಗೆ ಬನ್ನಿ. ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ದಿನ ಏಪ್ರಿಲ್ 11, ಅಷ್ಟರೊಳಗೆ ಉಳಿದ ಮೂರು ಸಲ ಮುಗಿಸಬೇಕು. ಬರುವ ಭಾನುವಾರ ನೀರು ಇಳಿಯಲು ಶುರುವಾಗುವುದು ಬೆಳಿಗ್ಗೆ 5.40ಕ್ಕೆ. ಅಪ್ಪನ ಮಾತ್ರೆ 5ಕ್ಕೆ, ಗಂಜಿ ತಿಳಿಯೊಂದಿಗೆ.